ಹೊಸದರ ಬೆಲೆ, ಹಳೆಯದರ ಬಾಕಿ

ಕಳೆದ ಚಳಿಗಾಲದ ಒಂದು ಶುಕ್ರವಾರ ದಾವಣಗೆರೆ ತಾಲ್ಲೂಕಿನ ಲೋಕಿಕೆರೆಗೆ ಹೋಗಿದ್ದೆವು. ಅಲ್ಲಿ ನಮ್ಮ ಹತ್ತಿರದ ಸಂಬಂಧಿಕರ ಮನೆಯಿದೆ. ಮನೆಯ ಯಜಮಾನರನ್ನು ನಾವೆಲ್ಲ ಭಾಯಿಜಾನ್ ಎಂದೇ ಕರೆಯುವುದು. ಅವರಿಗೆ ಊರಿನಲ್ಲಿ ಸ್ವಲ್ಪ ಜಮೀನಿದೆ, ದಾವಣಗೆರೆಯಲ್ಲಿ ಒಂದು ಮಂಡಕ್ಕಿ ಭಟ್ಟಿಯಿದೆ. ನಮಾಜು, ಊಟ ಎಲ್ಲ ಮುಗಿಸಿ ಅಂಗಳದಲ್ಲಿ ಕುಳಿತಾಗ ಅಪ್ಪ ಮಗನ ನಡುವೆ ಮಾತು ಶುರುವಾಯಿತು. ನೋಡನೋಡುತ್ತಿದ್ದಂತೆ ಅದು ಜಗಳವಾಯಿತು.

ಮಗ ಎರಡು ಬೇಡಿಕೆಗಳನ್ನು ಮುಂದಿಟ್ಟಿದ್ದ. ಮೊದಲನೆಯದು ಅವನ ಫೋನಿನದು. ಹಳೆಯ ಫೋನಿನ ಗಾಜು ಒಡೆದಿದೆ, ಹೊಸದು ಬೇಕು. ಅದರಲ್ಲೂ 128 ಜಿಬಿಯದು ಬೇಡ, ಹತ್ತು ಸಾವಿರ ಹೆಚ್ಚು ಕೊಟ್ಟು 256 ಜಿಬಿಯದನ್ನೇ ತೆಗೆದುಕೊಳ್ಳಬೇಕು ಎನ್ನುತ್ತಿದ್ದ. ಎರಡನೆಯದು ಭಟ್ಟಿಯದು. ಹೊಟ್ಟು ಉರಿಸುವ ಒಲೆಯನ್ನು ತೆಗೆದು, ಗ್ಯಾಸಿನಿಂದ ಕಾಯುವ, ತಾನಾಗಿಯೇ ತಿರುಗುವ ಹುರಿಯುವ ಯಂತ್ರವನ್ನು ಹಾಕಬೇಕು. ಅದು ಲಕ್ಷಗಳ ಮಾತು. ಯಂತ್ರದ ಚಿತ್ರವಿದ್ದ ಕರಪತ್ರವನ್ನು ಅವನೇ ಎಲ್ಲಿಂದಲೋ ತಂದು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ.

ಭಾಯಿಜಾನ್ ಎರಡಕ್ಕೂ ಒಂದೇ ಉತ್ತರ ಕೊಟ್ಟರು: "ಚಲ್‌ರಾ ಹೈ ನಾ!" ನಡೀತಾ ಐತಲ್ಲ! ಇದ್ದ ಫೋನು ನಡೀತಾ ಐತಿ, ಇದ್ದ ಭಟ್ಟಿ ನಡೀತಾ ಐತಿ, ಮತ್ಯಾಕೆ ಹೊಸದು?

"ನೀವು ಕತೆ ಬರೆಯೋರು, ನೀವೇ ಹೇಳ್ರಿ" ಎಂದು ಇಬ್ಬರೂ ನಮ್ಮ ಕಡೆ ತಿರುಗಿದರು. ಆ ಹೊತ್ತಿನಲ್ಲಿ ನಮಗೆ ಉತ್ತರ ಹೊಳೆಯಲಿಲ್ಲ. ಚಹಾದ ಲೋಟ ಹಿಡಿದುಕೊಂಡು ಸುಮ್ಮನೆ ಕುಳಿತೆವು. ಆದರೆ ಒಂದೇ ಮಾತು ಒಂದು ಕಡೆ ಸರಿಯಾಗಿಯೂ ಇನ್ನೊಂದು ಕಡೆ ತಪ್ಪಾಗಿಯೂ ಕೇಳಿಸಿತ್ತು. ಏಕೆ ಎಂದು ಆಮೇಲೆ ಬಹಳ ದಿನ ಯೋಚಿಸಿದೆವು.

ಸುಲಭದ ಲೆಕ್ಕವನ್ನು ಮೊದಲು ನೋಡೋಣ. 2023ರ ಸೆಪ್ಟೆಂಬರಿನಲ್ಲಿ ಐಫೋನ್ 15 ನಮ್ಮ ದೇಶದ ಮಾರುಕಟ್ಟೆಗೆ ಬಂದಾಗ 128 ಜಿಬಿಯದಕ್ಕೆ 79,900 ರೂಪಾಯಿ, 256 ಜಿಬಿಯದಕ್ಕೆ 89,900 ರೂಪಾಯಿ, 512 ಜಿಬಿಯದಕ್ಕೆ 1,09,900 ರೂಪಾಯಿ ಬೆಲೆಯಿತ್ತು. ಮೂರರದೂ ಹೊರಮೈ ಒಂದೇ, ಪರದೆ ಒಂದೇ, ಕ್ಯಾಮೆರಾ ಒಂದೇ. ಒಳಗಿನ ಉಗ್ರಾಣ ಮಾತ್ರ ದೊಡ್ಡದಾಗುತ್ತಾ ಹೋಗುತ್ತದೆ. ಉಳಿದ ಕಂಪನಿಗಳ ಫೋನು, ಲ್ಯಾಪ್‌ಟಾಪುಗಳಲ್ಲೂ ಇದೇ ಏಣಿ. ಎಂಬತ್ತು ಸಾವಿರದ ಪಕ್ಕದಲ್ಲಿಟ್ಟಾಗ ಹತ್ತು ಸಾವಿರ ಚಿಕ್ಕದಾಗಿ ಕಾಣುತ್ತದೆ. "ಇಷ್ಟು ಕೊಡ್ತೀರಿ, ಇನ್ನೊಂದ್ ಸ್ವಲ್ಪ ಹಾಕ್ರಿ" ಎಂದು ಅಂಗಡಿಯವರು ಹೇಳುವುದು ಅದಕ್ಕೇ. ಅದೇ ಹತ್ತು ಸಾವಿರವನ್ನು ಮನೆಯ ಅಕ್ಕಿಯ ಚೀಲಗಳ ಪಕ್ಕದಲ್ಲಿಟ್ಟು ನೋಡಿದರೆ ಅದು ತನ್ನ ನಿಜವಾದ ಗಾತ್ರಕ್ಕೆ ಬರುತ್ತದೆ.

ಹುಡುಗನ ಹಳೆಯ ಫೋನನ್ನು ಕೈಗೆ ತೆಗೆದುಕೊಂಡು ನೋಡಿದೆವು. ಅದರ 64 ಜಿಬಿ ತುಂಬಿತ್ತು, ನಿಜ. ತುಂಬಿದ್ದು ಏನು ಎಂದು ಬಿಚ್ಚಿದರೆ, ನೆಂಟರಿಷ್ಟರು ಕಳಿಸಿದ ಜುಮ್ಮಾ ಮುಬಾರಕ್ ಚಿತ್ರಗಳು, ಶುಭೋದಯದ ಗುಲಾಬಿಗಳು, ಒಂದೇ ವಿಡಿಯೋ ನಾಲ್ಕು ಗುಂಪುಗಳಿಂದ ನಾಲ್ಕು ಸಲ. ಅರ್ಧ ಗಂಟೆ ಕುಳಿತು ಅಳಿಸಿದರೆ ಅರ್ಧ ಉಗ್ರಾಣ ಖಾಲಿಯಾಗುತ್ತಿತ್ತು. ಮದುವೆಯ ವಿಡಿಯೋ ತೆಗೆದು ಜೀವನ ಸಾಗಿಸುವವನಿಗೆ ಆ ಹತ್ತು ಸಾವಿರ ದುಡಿಯುವ ಬಂಡವಾಳ. ಅವನಿಗೆ ಹಳೆಯ ಫೋನು ಕೆಲಸವನ್ನೇ ನಿಲ್ಲಿಸುತ್ತದೆ. ನಮ್ಮ ಹುಡುಗನ ಯಾವ ಕೆಲಸವೂ ನಿಂತಿರಲಿಲ್ಲ. ಒಡೆದ ಗಾಜಿಗೆ ಹೊಸ ಫೋನು ಬೇಕಿದ್ದರೂ ಇರಬಹುದು, ದೊಡ್ಡ ಉಗ್ರಾಣ ಬೇಕಿರಲಿಲ್ಲ. ಇಲ್ಲಿ ಭಾಯಿಜಾನ್ ಹೇಳಿದ್ದು ಸರಿ ಎಂದೇ ನಮಗೆ ಅನಿಸಿತು.

ಇದಕ್ಕೆ ಹತ್ತಿರದಲ್ಲೇ ಇನ್ನೂ ಗಟ್ಟಿಯಾದ ಸಾಕ್ಷಿಯಿದೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತನ್ನ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ತುಂಗಭದ್ರೆಯ ದಂಡೆಯ ಆ ಊರಿನ ಎಷ್ಟೋ ಮನೆಗಳ ಅನ್ನ ಅದರಿಂದ ಬೇಯುತ್ತಿತ್ತು. 2000ದ ದಶಕದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಅಲ್ಲಿ ತಯಾರಾದ ಲೇತ್‌ಗಳು ಇವತ್ತಿಗೂ ಸಣ್ಣ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರಗಳು ಬಂದು ಎಷ್ಟೋ ಕಾಲವಾಯಿತು. ಒಂದೇ ಅಳತೆಯ ಸಾವಿರಾರು ಬಿಡಿಭಾಗಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೊರೆಯಬೇಕಾದವರಿಗೆ ಅದು ಬೇಕೇ ಬೇಕು. ಆದರೆ ಒಬ್ಬ ರೈತನ ಟ್ರ್ಯಾಕ್ಟರಿನ ಸವೆದ ಶಾಫ್ಟನ್ನು ಸಂಜೆಯೊಳಗೆ ಸರಿಮಾಡಿ ಕೊಡುವ ಮಿಸ್ತ್ರಿಗೆ ಹಳೆಯ ಲೇತು ಮತ್ತು ಪಳಗಿದ ಕೈ ಸಾಕು. ಅವನು ಸಾಲ ಮಾಡಿ ಸಿಎನ್‌ಸಿ ತಂದರೆ ಯಂತ್ರ ಅವನಿಗಾಗಿ ದುಡಿಯುವುದಿಲ್ಲ, ಅವನೇ ಯಂತ್ರದ ಕಂತಿಗಾಗಿ ದುಡಿಯಬೇಕಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಈ ಬರಹ ಮಿತವ್ಯಯದ ಉಪದೇಶವಾಗುತ್ತದೆ. ಹರಿಹರದಿಂದ ದಾವಣಗೆರೆಯ ಕಡೆ ಹೊರಳಿದರೆ ಅದೇ ಮಾತು ಬೇರೆ ಮುಖ ತೋರಿಸುತ್ತದೆ. ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಮಿಲ್ಲಿನ ಸೈರನ್ನಿಗೆ ಊರು ಏಳುತ್ತಿತ್ತು. 1999ರಲ್ಲಿ ಕೇಂದ್ರ ಸರ್ಕಾರ ಜವಳಿ ಗಿರಣಿಗಳ ಯಂತ್ರಗಳನ್ನು ಹೊಸದಾಗಿಸಲು ತಂತ್ರಜ್ಞಾನ ಉನ್ನತೀಕರಣ ನಿಧಿ ಯೋಜನೆಯನ್ನು ತಂದಿತು. ಯಂತ್ರಕ್ಕೆ ಮಾಡುವ ಸಾಲದ ಬಡ್ಡಿಯಲ್ಲಿ ರಿಯಾಯಿತಿಯಿತ್ತು. ಆ ಹೊತ್ತಿಗೆ ದಾವಣಗೆರೆಯ ಬಹುತೇಕ ಗಿರಣಿಗಳ ಸದ್ದಡಗಿತ್ತು. ಗಿರಣಿಗಳು ಮುಚ್ಚಿದ್ದಕ್ಕೆ ಕಾರಣಗಳು ಹಲವು: ಪವರ್‌ಲೂಮಿನ ಪೈಪೋಟಿ, ಆಡಳಿತದ ತಪ್ಪುಗಳು, ಮಾಲೀಕರು ಮತ್ತು ಕಾರ್ಮಿಕರ ನಡುವಿನ ಕದನ. ಕಾಲ ಮೀರಿದ ಯಂತ್ರಗಳೂ ಅವುಗಳಲ್ಲಿ ಒಂದು. ನಡೆಯುವಷ್ಟು ದಿನ ನಡೆಯಲಿ ಎಂದು ಹೊಸದಕ್ಕೆ ಹಣ ಹಾಕದೇ ಉಳಿಸಿದ್ದು ಒಬ್ಬರು, ಆ ಉಳಿತಾಯದ ಬೆಲೆಯನ್ನು ತೆತ್ತವರು ಇನ್ನೊಬ್ಬರು. ಕೆಲಸ ಕಳೆದುಕೊಂಡು ಆಟೋ ಹಿಡಿದವರು, ತರಕಾರಿ ಗಾಡಿ ತಳ್ಳಿದವರು, ಮಕ್ಕಳ ಓದು ಬಿಡಿಸಿದವರು ಯಂತ್ರದ ಬಗ್ಗೆ ತೀರ್ಮಾನ ಮಾಡುವ ಕೋಣೆಯೊಳಗೆ ಎಂದೂ ಕಾಲಿಟ್ಟವರಲ್ಲ.

ಹಾಗಾದರೆ "ನಡೀತಾ ಐತಲ್ಲ" ಎನ್ನುವವರನ್ನು ಒಂದು ಪ್ರಶ್ನೆ ಕೇಳಲೇಬೇಕಾಗುತ್ತದೆ: ಯಾರಿಗೆ ನಡೀತಾ ಐತಿ?

ಈ ಪ್ರಶ್ನೆ ಹಿಡಿದುಕೊಂಡು ಭಟ್ಟಿಯೊಳಗೆ ಹೋಗೋಣ. ಭದ್ರಾ ನಾಲೆಯ ನೀರಿನ ಸೀಮೆಯಲ್ಲಿ ಭತ್ತಕ್ಕೆ ಬರವಿಲ್ಲ. ನೂರು ಕೆ.ಜಿ. ಭತ್ತಕ್ಕೆ ಸುಮಾರು ಇಪ್ಪತ್ತು ಕೆ.ಜಿ. ಹೊಟ್ಟು ಬರುತ್ತದೆ. ಆ ಹೊಟ್ಟೇ ಭಟ್ಟಿಯ ಉರುವಲು. ಉಪ್ಪು ಹಿಡಿಸಿದ ಅಕ್ಕಿಯನ್ನು ಇನ್ನೂರು ಡಿಗ್ರಿಗೂ ಮೀರಿ ಕಾದ ಮರಳಿಗೆ ಹಾಕಿದಾಗ ಕಾಳಿನೊಳಗಿನ ತೇವ ಒಮ್ಮೆಲೇ ಆವಿಯಾಗಿ ಹೊರನುಗ್ಗುತ್ತದೆ, ಕಾಳು ಅರಳಿ ಮಂಡಕ್ಕಿಯಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆಯದಿದ್ದರೆ ಕರಕಲು. ಅದಕ್ಕೆ ಒಲೆಯ ಬಾಯಿಯ ಮುಂದೆ ಯಾರಾದರೂ ಕುಳಿತೇ ಇರಬೇಕು. ದಾವಣಗೆರೆಯಲ್ಲಿ ಇಂಥ ಭಟ್ಟಿಗಳು ನೂರಾರು. ಒಂದು ಬಡಾವಣೆಗೇ ಮಂಡಕ್ಕಿ ಭಟ್ಟಿ ಬಡಾವಣೆ ಎಂದು ಹೆಸರು. ನಡೆಸುವವರಲ್ಲೂ ದುಡಿಯುವವರಲ್ಲೂ ನಮ್ಮ ಸಮುದಾಯದವರೇ ಹೆಚ್ಚು. ಮಿರ್ಚಿ ಮಂಡಕ್ಕಿ, ನರ್ಗೀಸ್ ಮಂಡಕ್ಕಿ ಎಂದು ಬಾಯಲ್ಲಿ ನೀರೂರಿಸಿಕೊಳ್ಳುವ ನಾವು ಯಾರೂ ಆ ಒಲೆಯ ಬಾಯಿಯನ್ನು ನೋಡಿರುವುದಿಲ್ಲ. ಅಲ್ಲಿನ ಗೋಡೆ ಕಪ್ಪು, ಮಾಡು ಕಪ್ಪು, ಮೂಗೊರೆಸಿದ ಸೆರಗಿನ ತುದಿಯೂ ಕಪ್ಪು.

ಭಾಯಿಜಾನರ ಭಟ್ಟಿಯಲ್ಲಿ ಒಬ್ಬ ಹೆಂಗಸು ಇಪ್ಪತ್ತು ವರ್ಷಗಳಿಂದ ಒಲೆಯ ಮುಂದೆ ಕುಳಿತಿದ್ದಾರೆ. ಮಾತಿನ ನಡುವೆ ಕೆಮ್ಮುತ್ತಾರೆ, ಕೆಮ್ಮಿನ ನಡುವೆ ಮಾತಾಡುತ್ತಾರೆ. ಮಗ ಯಂತ್ರದ ಕರಪತ್ರ ತಂದದ್ದು ಲಾಭ ಹೆಚ್ಚಲಿ ಎಂದಷ್ಟೇ ಅಲ್ಲ, ಆ ಕೆಮ್ಮು ಕೇಳಲಾಗದೆ ಕೂಡ. ಅದನ್ನು ಅವನು ಜಗಳದ ಕೊನೆಯಲ್ಲಿ, ತಲೆ ತಗ್ಗಿಸಿ ಹೇಳಿದ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿ ಪ್ರಕಟವಾದಾಗ ದೇಶದ ಇಪ್ಪತ್ತು ನಗರಗಳಲ್ಲಿ ದಾವಣಗೆರೆಯೂ ಒಂದಾಗಿತ್ತು. ಮಂಡಕ್ಕಿ ಭಟ್ಟಿಗಳಿರುವ ಪ್ರದೇಶದ ಸುಧಾರಣೆಯೂ ಆ ಯೋಜನೆಯ ಕಾಗದದಲ್ಲಿತ್ತು. 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭವಾದಾಗ ಗಾಳಿ ಸುಧಾರಿಸಬೇಕಾದ ನಗರಗಳಲ್ಲಿ ಕರ್ನಾಟಕದ ನಾಲ್ಕರ ಹೆಸರು ಬಂತು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ಊರಿನ ಗಾಳಿ ಕೆಟ್ಟದ್ದಕ್ಕೆ ಭಟ್ಟಿಗಳನ್ನು ಮಾತ್ರ ದೂರುವುದು ಅನ್ಯಾಯ. ರಸ್ತೆಯ ದೂಳಿದೆ, ವಾಹನಗಳ ಹೊಗೆಯಿದೆ. ಆದರೆ ಊರಿನ ಗಾಳಿಯ ಲೆಕ್ಕವನ್ನು ಅಳೆಯುವ ಯಂತ್ರಗಳು ಒಲೆಯ ಬಾಯಿಯಿಂದ ಒಂದು ಮೊಳ ದೂರದಲ್ಲಿರುವ ಗಾಳಿಯನ್ನು ಅಳೆಯುವುದಿಲ್ಲ. ಅದನ್ನು ಅಳೆಯುವುದು ಅಲ್ಲಿ ಕುಳಿತವರ ಎದೆಗೂಡು.

ಇಲ್ಲಿಗೆ ಬಂದಾಗ ನಾವೂ ಒಂದು ಹಳೆಯ ಲೆಕ್ಕವನ್ನು ಒಪ್ಪಿಸಬೇಕು. 2003ರಲ್ಲಿ ನಾವು ಅಣ್ಣತಮ್ಮಂದಿರು ಸೇರಿ ಮನೆಗೆ ಒಂದು ಕಂಪ್ಯೂಟರ್ ತಂದೆವು. ಕತೆಗಳನ್ನು ‘ನುಡಿ’ಯಲ್ಲಿ ಕನ್ನಡಕ್ಕೂ ‘ಇನ್‌ಪೇಜ್’ನಲ್ಲಿ ಉರ್ದುವಿಗೂ ಬೆರಳಚ್ಚು ಮಾಡಬೇಕೆಂಬ ಆಸೆ. ಅಂಗಡಿಯಲ್ಲಿ ಕೇಳಿದ ಪ್ರಶ್ನೆ ಇದೇ: 128ರದ್ದು ಸಾಕೋ, 256ರದ್ದು ಬೇಕೋ? ಆಗ ಅದು ಜಿಬಿಯಲ್ಲ, ಎಂಬಿ. ಒಂದೂವರೆ ಸಾವಿರ ಹೆಚ್ಚು ಕೊಟ್ಟು 256ರದ್ದನ್ನೇ ತಂದೆವು. ಅಕ್ಷರ ಒತ್ತುವುದಕ್ಕೆ ಅಷ್ಟು ಬೇಕಿರಲಿಲ್ಲ. ಅಂಗಡಿಯವನ ಮುಂದೆ ಕಡಿಮೆಯದನ್ನು ಕೇಳಲು ನಾಚಿಕೆಯಾಯಿತು, ಅಷ್ಟೇ.

ಆ ಕಂಪ್ಯೂಟರ್ ಇಟ್ಟ ಕೋಣೆಯ ಹಿಂದೆಯೇ ಅಡುಗೆಮನೆ. ಅಲ್ಲಿ ಅಮ್ಮಿ ಹಸಿ ಸೌದೆಯ ಒಲೆಗೆ ಊದುಗೊಳವೆಯಿಂದ ಊದುತ್ತಿದ್ದರು. ಗ್ಯಾಸಿನ ಮಾತು ಬಂದಾಗಲೆಲ್ಲ ಅವರೇ "ಚಲ್‌ರಾ ಹೈ ನಾ, ಬೇಟಾ" ಎನ್ನುತ್ತಿದ್ದರು. ನಾವು ಆ ಮಾತನ್ನು ಎಷ್ಟು ಬೇಗ ನಂಬಿದೆವು! ಕಷ್ಟ ಪಡುವವರೇ ಪರವಾಗಿಲ್ಲ ಎಂದರೆ ಉಳಿದವರಿಗೆ ಅದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ. 2006ರಲ್ಲಿ ಮನೆಗೆ ಗ್ಯಾಸ್ ಬಂತು. ಅಮ್ಮಿಯ ಉಬ್ಬಸ ಅದಕ್ಕಿಂತ ಮೊದಲೇ ಬಂದಿತ್ತು.

ಹಣವಿರಲಿಲ್ಲ ಎಂಬ ಸಮಾಧಾನವೂ ನಮಗಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ಹಳ್ಳಿಗಳಿಗಾಗಿಯೇ ‘ಆಸ್ತ್ರ’ ಎಂಬ ವಿಭಾಗವನ್ನು ಕಟ್ಟಿದ್ದರು. ಅಲ್ಲಿಂದ ಬಂದ ಆಸ್ತ್ರ ಒಲೆ 80ರ ದಶಕದಲ್ಲೇ ಕರ್ನಾಟಕದ ಹಳ್ಳಿಗಳನ್ನು ತಲುಪಿತ್ತು. ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಕೊಳವೆಯ ಮೂಲಕ ಮಾಡಿನಾಚೆಗೆ. ಇಟ್ಟಿಗೆ, ಮಣ್ಣು, ಕೆಲವು ಕಬ್ಬಿಣದ ತುಂಡುಗಳು, ಗೊತ್ತಿರುವ ಒಬ್ಬ ಗೌಂಡಿ ಇದ್ದರೆ ಆಗುವ ಕೆಲಸ. ಹೆಚ್ಚುವರಿ ಮೆಮೊರಿಗೆ ಕೊಟ್ಟ ಒಂದೂವರೆ ಸಾವಿರ ಆ ಕೆಲಸದ ಕಡೆ ಹೋಗಬಹುದಿತ್ತು. ನಮಗೆ ಗೊತ್ತಿರಲಿಲ್ಲ, ಏಕೆಂದರೆ ನಾವು ಕೇಳಿರಲಿಲ್ಲ. ಕಂಪ್ಯೂಟರಿಗಾಗಿ ಹತ್ತು ಅಂಗಡಿ ಸುತ್ತಿದವರು ಒಲೆಗಾಗಿ ಒಂದು ಮಾತೂ ವಿಚಾರಿಸಿರಲಿಲ್ಲ.

ನಮ್ಮ ದಾದಿ ಎರಡು ಪದಗಳನ್ನು ಪದೇ ಪದೇ ಬಳಸುತ್ತಿದ್ದರು. ಬೇಡದ ಕಡೆ ಕೈ ಬಿಡುವುದು ಇಸ್ರಾಫ್, ಬೇಕಾದ ಕಡೆ ಕೈ ಬಿಗಿ ಹಿಡಿಯುವುದು ಬುಖ್ಲ್. ಚಿಕ್ಕವರಿದ್ದಾಗ ಇವು ಎರಡು ಬಗೆಯ ಮನುಷ್ಯರ ಗುಣ, ಒಬ್ಬ ದುಂದುಗಾರ, ಇನ್ನೊಬ್ಬ ಜಿಪುಣ ಎಂದುಕೊಂಡಿದ್ದೆವು. ಎರಡೂ ಒಂದೇ ಮನೆಯಲ್ಲಿ, ಒಂದೇ ತಿಂಗಳಲ್ಲಿ, ಒಂದೇ ಜೇಬಿನಲ್ಲಿ ಇರಬಲ್ಲವು ಎಂದು ತಿಳಿಯಲು ನಮಗೆ ಅಮ್ಮಿಯ ಉಬ್ಬಸ ಬೇಕಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಗಾದೆ. ಆ ಹಾಸಿಗೆಯಲ್ಲಿ ಎಷ್ಟು ಜನ ಮಲಗಿದ್ದಾರೆ, ಯಾರ ಕಾಲು ಚಳಿಯಲ್ಲಿದೆ ಎಂದು ನೋಡುವ ಕೆಲಸವನ್ನು ಅದು ನಮಗೇ ಬಿಟ್ಟಿದೆ.

ಆದ್ದರಿಂದ ನಮಗೆ ತೋರುವುದು ಇಷ್ಟು. ದುಬಾರಿಯ ಹೊಸದೊಂದು ಮುಂದೆ ಬಂದಾಗ ಅದರ ಬೆಲೆಯನ್ನು ಮಾತ್ರ ನೋಡಿದರೆ ಅರ್ಧ ಲೆಕ್ಕ. ಹಳೆಯದನ್ನೇ ಇಟ್ಟುಕೊಂಡರೆ ಅದರ ಬೆಲೆಯನ್ನು ಈಗ ಯಾರು ಕೊಡುತ್ತಿದ್ದಾರೆ ಎಂಬುದು ಉಳಿದರ್ಧ. ಹಳೆಯ ಫೋನಿನ ತೊಂದರೆ ಅದನ್ನು ಹಿಡಿದವನದೇ. ಅವನು ಸಹಿಸಬಹುದು, ಸಹಿಸದಿರಬಹುದು, ಅದು ಅವನ ಇಷ್ಟ. ಹಳೆಯ ಭಟ್ಟಿಯ ತೊಂದರೆ ಅದರ ಯಜಮಾನನದಲ್ಲ. ಅವನು ಉಳಿಸಿದ ಹಣವನ್ನು ಇನ್ನೊಬ್ಬರು ದಿನಾ ಸ್ವಲ್ಪ ಸ್ವಲ್ಪ ಉಸಿರಿನಲ್ಲಿ ಕಟ್ಟುತ್ತಿರುತ್ತಾರೆ. ಅಲ್ಲಿ ಹೊಸ ಯಂತ್ರದ ಬೆಲೆಯನ್ನು ಹೆಚ್ಚುವರಿ ಖರ್ಚು ಎನ್ನಲಾಗದು, ಅದು ಬಹಳ ಕಾಲದಿಂದ ತೀರಿಸದೆ ಉಳಿದ ಬಾಕಿ.

ಹೀಗೆಂದು ಭಾಯಿಜಾನರಿಗೆ ಹೇಳಿದರೆ ಅವರು ಸುಮ್ಮನಿರುವವರಲ್ಲ. ಅವರ ತಕರಾರಿನಲ್ಲೂ ಹುರುಳಿದೆ. ಹೊಟ್ಟು ಅಗ್ಗ, ಗ್ಯಾಸ್ ದುಬಾರಿ. ಯಂತ್ರ ಒಂದು ಸಲದ ಖರ್ಚು, ಗ್ಯಾಸ್ ಪ್ರತಿ ದಿನದ ಖರ್ಚು. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಬಡವರ ಮನೆಗಳಿಗೂ ಗ್ಯಾಸಿನ ಸಂಪರ್ಕ ಬಂತು. ಆದರೆ ಎರಡನೆಯ, ಮೂರನೆಯ ಸಿಲಿಂಡರಿಗೆ ಹಣ ಹೊಂದಿಸಲಾಗದೆ ಎಷ್ಟೋ ಮನೆಗಳಲ್ಲಿ ಸೌದೆಯ ಒಲೆ ಮತ್ತೆ ಹೊತ್ತಿತು. ಭಟ್ಟಿಯಲ್ಲೂ ಹಾಗೇ ಆದರೆ? ಪಕ್ಕದ ಭಟ್ಟಿಯವನು ಹೊಟ್ಟನ್ನೇ ಉರಿಸಿ ಮಂಡಕ್ಕಿ ಚೀಲಕ್ಕೆ ಹತ್ತು ರೂಪಾಯಿ ಕಡಿಮೆ ಮಾಡಿದರೆ ಗಿರಾಕಿ ಅವನ ಬಳಿಗೇ ಹೋಗುತ್ತಾನೆ. ಒಳ್ಳೆಯದನ್ನು ಒಬ್ಬನೇ ಮಾಡಿದರೆ ಒಬ್ಬನೇ ಮುಳುಗುತ್ತಾನೆ.

ಇದಕ್ಕೆ ಭಾಯಿಜಾನ್ ಒಬ್ಬರೇ ಉತ್ತರ ಕೊಡಬೇಕು ಎನ್ನುವುದು ಸರಿಯಲ್ಲ. ಊರಿನ ಗಾಳಿ ಎಲ್ಲರದು ಎಂದಮೇಲೆ ಯಂತ್ರದ ಸಾಲದ ಬಡ್ಡಿಯಲ್ಲಿ ಸರ್ಕಾರಕ್ಕೂ ಪಾಲಿದೆ. ಗಿರಣಿಗಳಿಗೆ 1999ರಲ್ಲಿ ಕೊಟ್ಟ ರಿಯಾಯಿತಿ ಭಟ್ಟಿಗೆ ಏಕೆ ಬೇಡ? ತಿನ್ನುವ ನಮಗೂ ಪಾಲಿದೆ. ಫೋನಿಗೆ ಹತ್ತು ಸಾವಿರ ಹೆಚ್ಚು ಕೊಡುವಾಗ ತುಟಿ ಬಿಚ್ಚದವರು, ಒಂದು ಪ್ಲೇಟ್ ಮಂಡಕ್ಕಿಗೆ ಎರಡು ರೂಪಾಯಿ ಹೆಚ್ಚಾದರೆ "ಏನ್ರೀ ಇದು" ಎಂದು ಅಂಗಡಿಯವನ ಮೇಲೆ ಏರಿ ಹೋಗುತ್ತೇವೆ.

ಹುಡುಗನೂ ಒಂದು ಮಾತು ಕೇಳಿದ: "ನಾನು 128ರದ್ದು ತಗೊಂಡು ಹತ್ತು ಸಾವಿರ ಉಳಿಸಿದ್ರೆ ಯಂತ್ರ ಬರ್ತೈತೇನು?" ಬರುವುದಿಲ್ಲ. ನಾವು ಹಾಗೆಂದು ಒಪ್ಪಿಕೊಂಡೆವು. ಒಬ್ಬ ಹುಡುಗನ ಫೋನಿನ ಆಸೆಯಿಂದ ಭಟ್ಟಿಯ ಹೊಗೆ ಹುಟ್ಟಿಲ್ಲ, ಅವನ ತ್ಯಾಗದಿಂದ ಅದು ಆರುವುದೂ ಇಲ್ಲ.

ಇನ್ನೂ ಒಂದು ತೊಡಕು ಉಳಿದಿತ್ತು. ಯಂತ್ರ ತಾನಾಗಿಯೇ ತಿರುಗುತ್ತದೆ ಎಂದರೆ ಕೈಗಳು ಕಡಿಮೆ ಸಾಕು ಎಂದೇ ಅರ್ಥ. ಯಾರ ಕೆಮ್ಮು ಕೇಳಲಾಗದೆ ಯಂತ್ರ ತರುತ್ತೇವೆಯೋ, ಯಂತ್ರ ಬಂದ ಮರುದಿನ ಅವರೇ ಮನೆಗೆ ಹೋಗಬೇಕಾದೀತು. ಕೆಮ್ಮು ನಿಂತೀತು, ಒಲೆಯೂ ನಿಂತೀತು.

ಆ ಸಂಜೆ ಲೋಕಿಕೆರೆಯಿಂದ ಹಿಂತಿರುಗುವಾಗ ಅಪ್ಪ ಮಗನ ಜೊತೆ ನಾವೂ ದಾವಣಗೆರೆಯ ಭಟ್ಟಿಗೆ ಹೋದೆವು. ಆ ಹೆಂಗಸು ಕೊನೆಯ ಬಿಸಿ ಮರಳನ್ನು ಜರಡಿ ಹಿಡಿಯುತ್ತಿದ್ದರು. ಕರಪತ್ರವನ್ನು ಅವರ ಕೈಗೆ ಕೊಟ್ಟು, ಇಂಥದ್ದೊಂದು ತರುವ ಮಾತಿದೆ, ನಿಮಗೇನು ಅನಿಸುತ್ತದೆ ಎಂದು ಕೇಳಿದೆವು. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಯಂತ್ರದ ಬದಿಯಲ್ಲಿದ್ದ ಗುಂಡಿಗಳ ಮೇಲೆ ಬೆರಳಿಟ್ಟು ಹೇಳಿದರು: "ತರ್ರಿ. ಆದ್ರ ಇದನ್ನ ಒತ್ತೋದು ನನಗ ಕಲಿಸ್ರಿ. ಇದರ ಮುಂದ ನನ್ನೇ ಕೂಡಿಸ್ರಿ."

ಭಾಯಿಜಾನ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇಪ್ಪತ್ತು ವರ್ಷದಾಗ ಇವ್ರನ್ನ ಕೇಳ್ಬೇಕು ಅಂತ ತೆಲಿಗೇ ಬಂದಿರ್ಲಿಲ್ಲ ನೋಡ್ರಿ" ಎಂದರು.

ಯಂತ್ರ ಇನ್ನೂ ಬಂದಿಲ್ಲ. ನಾಲ್ಕೈದು ಭಟ್ಟಿಯವರು ಸೇರಿ ಒಂದನ್ನು ತರುವ, ದಿನ ಹಂಚಿಕೊಂಡು ಬಳಸುವ ಮಾತು ನಡೆದಿದೆ. ಮಾತು ಮುರಿಯಲೂಬಹುದು. ಹುಡುಗ ಮಾತ್ರ ಫೋನು ಕೊಂಡ, 128ರದ್ದೇ. ಒಲೆಯ ಮುಂದೆ ಈಗಲೂ ಅದೇ ಹೆಂಗಸು ಕುಳಿತಿದ್ದಾರೆ. ಅಲ್ಲಿಗೆ ಹೋದವರನ್ನೆಲ್ಲ ಅವರು ಈಗ ಒಂದೇ ಪ್ರಶ್ನೆ ಕೇಳುತ್ತಾರಂತೆ: "ಮಷೀನ್ ಯಾವಾಗ ಬರ್ತೈತಿ?"